ದೇವರ ಸಿನಿಮಾ: ನಡೆದದ್ದಾ, ಕಟ್ಟಿದ್ದಾ?

ಭಕ್ತಿ ಸಿನಿಮಾ, ಸಂತರ ಸಿನಿಮಾ ನೋಡುವಾಗ ಅದನ್ನು ಇತಿಹಾಸ ಅಂತ ನೋಡಬೇಕಾ, ಬರೀ ಕತೆ ಅಂತ ನೋಡಬೇಕಾ ಎಂದು ಕೇಳಿದ್ದೀರಿ. ಮನೆಯಲ್ಲಿ ನಿಮ್ಮ ಚಿಕ್ಕಪ್ಪ ಎಲ್ಲವೂ ನಡೆದದ್ದೇ ಅನ್ನುತ್ತಾರೆ, ತಮ್ಮ ಎಲ್ಲವೂ ಸುಳ್ಳು ಅನ್ನುತ್ತಾನೆ, ನಡುವೆ ನೀವು ಸಿಕ್ಕಿಕೊಂಡಿದ್ದೀರಿ. ನಾನು ಮಂಡ್ಯ ಜಿಲ್ಲೆಯವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲೂ ಆಗಾಗ ಏಳುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟು. ಇಡೀ ಸಿನಿಮಾವನ್ನು ಎತ್ತಿ ಒಂದೇ ಕಡೆ ಹಾಕಬೇಡಿ. ಒಂದು ಭಕ್ತಿ ಸಿನಿಮಾದ ಒಳಗೆ ಮೂರು ಕಾಲ ಸೇರಿಕೊಂಡಿರುತ್ತವೆ: ಆ ಭಕ್ತ ಬದುಕಿದ ಕಾಲ, ಅವನ ಕತೆಯನ್ನು ಹಾಡಿ ಬರೆದವರ ಕಾಲ, ಸಿನಿಮಾ ತೆಗೆದವರ ಕಾಲ. ನಾವು ಮೊದಲನೆಯದನ್ನು ನೋಡುತ್ತಿದ್ದೇವೆ ಅಂದುಕೊಂಡು ಕೂತಿರುತ್ತೇವೆ. ತೆರೆಯ ಮೇಲೆ ಜಾಸ್ತಿ ಕಾಣುವುದು ಮೂರನೆಯದು.

ಬೇಡರ ಕಣ್ಣಪ್ಪನನ್ನೇ ತಗೊಳ್ಳಿ. ಶಿವಲಿಂಗದ ಕಣ್ಣಲ್ಲಿ ರಕ್ತ ಸುರಿಯಿತೆಂದು ತನ್ನ ಕಣ್ಣು ಕಿತ್ತು ಅಲ್ಲಿಟ್ಟವನು. ಹನ್ನೆರಡನೇ ಶತಮಾನದಲ್ಲಿ ತಮಿಳಿನ ಸೇಕ್ಕಿಳಾರ್ ಅರವತ್ತಮೂರು ಶಿವಭಕ್ತರ ಕತೆ ಬರೆದರು, ಅದರಲ್ಲಿ ಇವನೂ ಒಬ್ಬ. ನಮ್ಮ ಹರಿಹರ ಕವಿಯೂ ಇವನ ಮೇಲೆ ರಗಳೆ ಬರೆದಿದ್ದಾನೆ. ನಂಜನಗೂಡಿನ ದೇವಸ್ಥಾನದಲ್ಲಿ ಈ ಪುರಾತನರ ಮೂರ್ತಿಗಳು ಸಾಲಾಗಿ ನಿಂತಿವೆ, ಹೋದಾಗ ನೋಡಿ. ಸೇಕ್ಕಿಳಾರ್ ಬರೆದ ಕತೆಯಲ್ಲಿ ಪೂಜಾರಿ ಒಳ್ಳೆಯ ಮನುಷ್ಯ. ಬೆಳಿಗ್ಗೆ ಬಂದರೆ ಲಿಂಗದ ಮುಂದೆ ಮಾಂಸ, ಮೂಳೆ. ಯಾರು ಹೀಗೆ ಮೈಲಿಗೆ ಮಾಡಿದರು ಅಂತ ಸಂಕಟಪಟ್ಟು ಎಲ್ಲ ತೊಳೆದು ಮತ್ತೆ ಪೂಜೆ ಮಾಡುತ್ತಾನೆ. ಶಿವ ಅವನ ಕನಸಿಗೆ ಬಂದು, ಮರೆಯಲ್ಲಿ ನಿಂತು ನೋಡು, ಆ ಬೇಡನ ಪ್ರೀತಿ ಎಂಥದ್ದೆಂದು ತಿಳಿಯುತ್ತದೆ ಅನ್ನುತ್ತಾನೆ.

1954ರ 'ಬೇಡರ ಕಣ್ಣಪ್ಪ' ಸಿನಿಮಾದಲ್ಲಿ ಪೂಜಾರಿ ಬೇರೆಯೇ ಆಗಿದ್ದಾನೆ. ದುರಾಸೆಯವನು, ಮೋಸಗಾರ. ದೇವಸ್ಥಾನದ ಕಳವಿನ ಆರೋಪ ಬೇಡನ ತಲೆಗೆ ಬರುತ್ತದೆ. ಈ ಕಳವು ಹಳೆಯ ಕತೆಯಲ್ಲಿ ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಸಂವಿಧಾನ ಜಾರಿಗೆ ಬಂದು ಆಗ ನಾಲ್ಕೇ ವರ್ಷ. ಹದಿನೇಳನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಗುಡಿಯ ಬಾಗಿಲು ಯಾರಿಗೆ ತೆರೆಯಬೇಕು, ದೇವರಿಗೂ ಭಕ್ತನಿಗೂ ನಡುವೆ ನಿಲ್ಲುವ ಹಕ್ಕು ಯಾರಿಗಿದೆ ಅನ್ನುವ ಮಾತು ಊರೂರಲ್ಲಿ ನಡೆಯುತ್ತಿತ್ತು. ಆ ಪೂಜಾರಿಯನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಆ ಹೊತ್ತಿನ ಕರ್ನಾಟಕ. ಕಣ್ಣಪ್ಪ ಯಾವ ಕಾಲದವನು ಅಂತ ಆ ಸಿನಿಮಾ ಹೇಳುವುದಿಲ್ಲ. 1954ರ ನಮ್ಮ ಜನಕ್ಕೆ ಎಂಥ ಭಕ್ತ ಬೇಕಾಗಿದ್ದ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ಅದೂ ಇತಿಹಾಸವೇ ಅಲ್ವಾ?

ಇನ್ನು ನಮ್ಮ ಮೇಲುಕೋಟೆಗೆ ಬನ್ನಿ. ಚೆಲುವಪಿಳ್ಳೆಯ ಕತೆ ಇಲ್ಲಿ ಮಕ್ಕಳಿಗೂ ಗೊತ್ತು. ಚೆಲುವಪಿಳ್ಳೆ ಅಂದರೆ ಇಲ್ಲಿನ ದೇವರ ಉತ್ಸವಮೂರ್ತಿ, ಅದು ಡೆಲ್ಲಿ ಸುಲ್ತಾನನ ಅರಮನೆ ಸೇರಿತ್ತು. ಸುಲ್ತಾನನ ಮಗಳು ಅದನ್ನು ಗೊಂಬೆಯ ಹಾಗೆ ಆಡಿಸುತ್ತಿದ್ದಳು. ರಾಮಾನುಜಾಚಾರ್ಯರು ಅಲ್ಲಿಗೆ ಹೋಗಿ ಕರೆದರೆ ಮೂರ್ತಿ ತಾನೇ ನಡೆದು ಬಂದು ಅವರ ತೊಡೆಯ ಮೇಲೆ ಕೂತಿತು. ಆ ಹುಡುಗಿ ಅಗಲಿರಲಾರದೆ ಹಿಂದೆಯೇ ಬಂದು ದೇವರಲ್ಲಿ ಐಕ್ಯಳಾದಳು. ಇವತ್ತಿಗೂ ಬೀಬಿ ನಾಚ್ಚಿಯಾರ್ ಮೂರ್ತಿ ದೇವರ ಪಾದದ ಬಳಿ ಇದೆ. ಸಿನಿಮಾ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗಲಿಕ್ಕಿಲ್ಲ.

ಈಗ ಇಸವಿ ನೋಡಿ. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜರು 1017ರಿಂದ 1137. ಡೆಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ರಾಮಾನುಜರು ಹೋಗಿದ್ದರೂ ಅಲ್ಲಿ ಸುಲ್ತಾನ ಇರಲಿಲ್ಲ. ಈ ಮಾತು ಕೇಳಿದರೆ ನಿಮ್ಮ ತಮ್ಮ ಚಪ್ಪಾಳೆ ತಟ್ಟಬಹುದು. ಸ್ವಲ್ಪ ತಡೆಯಲಿ. 1311ರಲ್ಲಿ ಮಲಿಕ್ ಕಾಫರ್ ಸೈನ್ಯ ಡೆಲ್ಲಿಯಿಂದ ಹೊಯ್ಸಳರ ದೋರಸಮುದ್ರದವರೆಗೆ ಬಂದಿತ್ತು. ದೇವರನ್ನು ಕಳೆದುಕೊಳ್ಳುವ ಭಯ, ದೇವರು ವಾಪಸ್ ಬರುತ್ತಾನೆ ಅನ್ನುವ ಆಸೆ, ಎರಡೂ ಆ ಕಾಲದ ಜನರದ್ದು. ನನಗೆ ಅನ್ನಿಸುವುದು, ಆ ನೋವು ಹಳೆಯ ಗುರುವಿನ ಕತೆಯೊಳಗೆ ಬಂದು ಸೇರಿಕೊಂಡಿದೆ. ಅಷ್ಟೆಲ್ಲ ಆದಮೇಲೂ ಆ ಹುಡುಗಿಯನ್ನು ಹಗೆ ಅನ್ನದೆ ದೇವರ ಪಾದದಲ್ಲಿ ಜಾಗ ಕೊಟ್ಟು ಪೂಜಿಸಿದರಲ್ಲ, ಅದನ್ನು ಸುಳ್ಳು ಅಂತ ಹೇಗೆ ತಳ್ಳಿಹಾಕುವುದು?

ಇದೇ ಕತೆಗೆ ಇನ್ನೊಂದು ತುದಿ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಮೂರ್ತಿ ತರುವ ದಾರಿಯಲ್ಲಿ ರಾಮಾನುಜರಿಗೆ ನೆರವಾದವರು ಊರ ಹೊರಗಿನ ಜಾತಿಯವರು. ಅದಕ್ಕೆ ಅವರನ್ನು ತಿರುಕುಲದವರು, ಅಂದರೆ ಪವಿತ್ರ ಕುಲದವರು ಎಂದು ಕರೆದು ವರ್ಷದಲ್ಲಿ ಕೆಲವು ದಿನ ದೇವಸ್ಥಾನದ ಒಳಗೆ ಬರುವ ಹಕ್ಕು ಕೊಟ್ಟರು ಅನ್ನುತ್ತದೆ ಕತೆ. ಈ ಹಕ್ಕು ಬರೀ ಕತೆ ಅಲ್ಲ. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಈ ಕತೆಯನ್ನು ಯಾರಾದರೂ ಸಿನಿಮಾ ಮಾಡಿದರೆ ದುಡ್ಡು, ದೀಪ, ಸೆಟ್ಟು ಎಲ್ಲ ಸುಲ್ತಾನನ ಅರಮನೆಗೆ ಹೋಗುತ್ತದೆ. ತಿರುಕುಲದವರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ದಾಖಲೆ ಇರುವುದು ಆ ಎರಡು ನಿಮಿಷಕ್ಕೆ.

ಕತೆಯನ್ನು ಕಣ್ಣುಮುಚ್ಚಿ ಇತಿಹಾಸ ಅಂದರೆ ಏನಾಗುತ್ತೆ ಅನ್ನುವುದಕ್ಕೂ ಇಲ್ಲೇ ಉದಾಹರಣೆ ಇದೆ. ಜೈನನಾಗಿದ್ದ ಹೊಯ್ಸಳ ದೊರೆ ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಅನ್ನುತ್ತಾರೆ. ಅದರ ಬಾಲಕ್ಕೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದ ಅನ್ನುವ ಮಾತೂ ಬಹಳ ಕಾಲದಿಂದ ಓಡಾಡುತ್ತಿದೆ. ಶಾಸನಗಳು ಬೇರೆ ಹೇಳುತ್ತವೆ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ದಂಡನಾಯಕ ಗಂಗರಾಜನೂ ಜೈನ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ದೇವರಿಗೆ ವಿಜಯ ಪಾರ್ಶ್ವ ಅಂತ ಹೆಸರಿಟ್ಟವನು ಇದೇ ವಿಷ್ಣುವರ್ಧನ. ನಾಳೆ ಯಾರೋ ಗಾಣದ ದೃಶ್ಯವನ್ನು ದೊಡ್ಡ ತೆರೆಯ ಮೇಲೆ, ಮೈ ನಡುಗುವ ಹಾಗೆ ತೋರಿಸಿದರೆ? ನೋಡಿದವರು ಪಕ್ಕದ ಮನೆಯವರ ಮೇಲೆ ಸಿಟ್ಟು ಹೊತ್ತುಕೊಂಡು ಹೊರಗೆ ಬರುತ್ತಾರೆ. ನಡೆಯದೇ ಇದ್ದದ್ದಕ್ಕೆ ಇವತ್ತಿನ ಮನುಷ್ಯರು ಲೆಕ್ಕ ಕೊಡಬೇಕಾಗುತ್ತದೆ. ನನಗೆ ನಿಜವಾಗಿ ಭಯ ಇರುವುದು ಇಲ್ಲಿ. ಪವಾಡದ ದೃಶ್ಯದಿಂದ ಯಾರಿಗೂ ಕೇಡಿಲ್ಲ. ಅನ್ಯಾಯ ಮಾಡಿದವರು ಇವರು ಅಂತ ಬೆರಳು ತೋರಿಸುವ ದೃಶ್ಯ ಬಂದಾಗ ಮಾತ್ರ, ಇದಕ್ಕೆ ಆಧಾರ ಏನು ಅಂತ ಕೇಳಲೇಬೇಕು.

ಹಾಗಂತ ನಮ್ಮ ಜನಕ್ಕೆ ಕತೆ ಯಾವುದು, ನಿಜ ಯಾವುದು ತಿಳಿಯಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ಊರಿಗೇ ಹಬ್ಬ. ಪಾತ್ರ ಹಾಕುವವರೇ ಕೈಯಿಂದ ದುಡ್ಡು ಕೊಡುತ್ತಾರೆ. ಕೃಷ್ಣ, ದುರ್ಯೋಧನ ಅಂದರೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ಕಲಿಸುತ್ತಾರೆ. ಒಂದು ವರ್ಷ ನಮ್ಮ ದೊಡ್ಡಪ್ಪ ಕೃಷ್ಣ. ಅವತ್ತು ಬೆಳಿಗ್ಗೆ ಗದ್ದೆಗೆ ನೀರು ತಿರುಗಿಸುವ ವಿಷಯಕ್ಕೆ ನಮ್ಮಮ್ಮನಿಗೂ ಅವರಿಗೂ ಜೋರು ಮಾತಾಗಿತ್ತು. ರಾತ್ರಿ ಪರದೆ ಎದ್ದಿತು. ಮುಖಕ್ಕೆ ನೀಲಿ ಬಣ್ಣ, ಬಾಡಿಗೆ ಕಿರೀಟ, ಅದು ಜಾರದಂತೆ ಕಿವಿಯ ಹಿಂದೆ ಕಟ್ಟಿದ ಟೇಪು ನಮಗೆಲ್ಲ ಕಾಣುತ್ತಿತ್ತು. ನಮ್ಮಮ್ಮ ಎದ್ದು ಹೋಗಿ ಮಂಗಳಾರತಿ ತಟ್ಟೆಗೆ ದುಡ್ಡು ಹಾಕಿ ಕೈ ಮುಗಿದರು. ಮಾರನೇ ದಿನ ನೀರಿನ ಜಗಳ ಮತ್ತೆ ಶುರು. ಅವರಿಗೆ ಒಂದು ಚೂರೂ ಗೊಂದಲ ಇರಲಿಲ್ಲ. ಕೈ ಮುಗಿದದ್ದು ಕೃಷ್ಣನಿಗೆ, ಜಗಳ ಆಡಿದ್ದು ಭಾವನ ಜೊತೆ.

ಸಿನಿಮಾದಲ್ಲಿ ಆ ಟೇಪು ಕಾಣುವುದಿಲ್ಲ. ಕಷ್ಟ ಇರುವುದು ಅಲ್ಲೇ. ಎಲ್ಲವೂ ಅಷ್ಟು ನಯವಾಗಿ, ಅಷ್ಟು ಹತ್ತಿರದಿಂದ ಕಂಡರೆ ಕಣ್ಣು ಅದನ್ನು ನಡೆದದ್ದು ಅಂತಲೇ ಇಟ್ಟುಕೊಳ್ಳುತ್ತದೆ. ಎಲ್ಲ ಕಡೆಯೂ ಹೀಗೇ. ಬೈಬಲ್‌ನಲ್ಲಿ ಪ್ರವಾದಿ ಮೋಶೆಯನ್ನು ಎದುರಿಸಿದ ಫರೋಹನ, ಅಂದರೆ ಈಜಿಪ್ಟಿನ ದೊರೆಯ, ಹೆಸರೇ ಇಲ್ಲ. 1956ರ 'ಟೆನ್ ಕಮಾಂಡ್‌ಮೆಂಟ್ಸ್' ಅವನನ್ನು ರಾಮೆಸೆಸ್ ಎಂದು ತೋರಿಸಿತು, ಎಷ್ಟೋ ಜನರ ತಲೆಯಲ್ಲಿ ಅದೇ ಕೂತುಬಿಟ್ಟಿದೆ. 1975ರ 'ಜೈ ಸಂತೋಷಿ ಮಾ' ಬಂದ ಮೇಲೆ, ಅದಕ್ಕೆ ಮುಂಚೆ ಅಷ್ಟಾಗಿ ಹೆಸರು ಕೇಳದ ದೇವಿಯ ಶುಕ್ರವಾರದ ವ್ರತ ದೇಶದ ತುಂಬ ಹಬ್ಬಿತು. ಶುರುವಿನಲ್ಲಿ ಇದು ಕಾಲ್ಪನಿಕ ಅಂತ ಒಂದು ಸಾಲು ಹಾಕಿದರೆ ಸಾಕು ಅನ್ನುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಟಿಪ್ಪು ಸುಲ್ತಾನನ ಮೇಲೆ ಟಿ.ವಿ.ಯಲ್ಲಿ ಬಂದ ಧಾರಾವಾಹಿಗೂ ಕಾದಂಬರಿ ಆಧಾರಿತ, ಕಲ್ಪನೆ ಅಂತ ಸೂಚನೆ ಹಾಕಿದ್ದರು. ಆ ಸಾಲು ಈಗ ಎಷ್ಟು ಜನಕ್ಕೆ ನೆನಪಿದೆ?

ಬೇರೆ ದಾರಿ ಹಿಡಿದವರೂ ಇದ್ದಾರೆ. ನಂಜನಗೂಡಿನ ಜಿ.ವಿ. ಅಯ್ಯರ್ ಅವರೇ 'ಬೇಡರ ಕಣ್ಣಪ್ಪ'ದಲ್ಲಿ ನಟಿಸಿದವರು, ಆಮೇಲೆ 1983ರಲ್ಲಿ ಸಂಸ್ಕೃತದಲ್ಲಿ 'ಆದಿ ಶಂಕರಾಚಾರ್ಯ' ತೆಗೆದರು. ಅದರಲ್ಲಿ ಸಾವು, ಅರಿವು ಎರಡೂ ಮನುಷ್ಯರಾಗಿ ಶಂಕರರ ಜೊತೆ ದಾರಿಯುದ್ದಕ್ಕೂ ನಡೆಯುತ್ತವೆ. ಅದನ್ನು ನೋಡಿ ಯಾರೂ ಹೀಗೇ ನಡೆಯಿತು ಅಂದುಕೊಳ್ಳಲ್ಲ. ಶಂಕರರ ಮನಸ್ಸಿನಲ್ಲಿ ಏನಿತ್ತು ಅಂತ ಯೋಚಿಸುತ್ತಾರೆ. ಭಕ್ತಿಗೂ ಮೋಸ ಇಲ್ಲ, ಇತಿಹಾಸಕ್ಕೂ ಮೋಸ ಇಲ್ಲ. ನನಗೆ ತುಂಬ ಇಷ್ಟವಾದ ರೀತಿ ಅದು.

ನಿಮ್ಮ ಚಿಕ್ಕಪ್ಪನ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಕೈ ಮುಗಿಯುವುದನ್ನು ಯಾವ ಇಸವಿಯೂ ತಪ್ಪಿಸಬೇಕಾಗಿಲ್ಲ. ತಮ್ಮನಿಗೆ, ಸುಳ್ಳು ಅಂದಮೇಲೆ ಅದನ್ನು ಯಾರು, ಯಾವಾಗ, ಯಾಕೆ ಕಟ್ಟಿದರು ಅಂತಲೂ ಹುಡುಕು ಅನ್ನಿ. ಆ ಹುಡುಕಾಟಕ್ಕೆ ಮೈಸೂರಿನಲ್ಲೇ ದಾರಿ ಇದೆ. ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಪರಿಷ್ಕರಿಸಿ ತಂದಿದೆ. ಶಾಸನಗಳ ಪಾಠ ಕನ್ನಡ ಲಿಪಿಯಲ್ಲೇ ಓದಬಹುದು. ಮೇಲುಕೋಟೆಯವು ಪಾಂಡವಪುರ ತಾಲ್ಲೂಕಿನ ಭಾಗದಲ್ಲಿ ಸಿಗುತ್ತವೆ, ಶಾಂತಲೆಯ ಬಸದಿಯದು ಶ್ರವಣಬೆಳಗೊಳದ ಸಂಪುಟದಲ್ಲಿ. ಹಳಗನ್ನಡ ಮೊದಲಿಗೆ ಸ್ವಲ್ಪ ತೊಡಕು, ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.