ಆಫೀಸು ಮನೆಗೆ ಬಂದಿದೆ, ಮನೆ ಆಫೀಸಿಗೆ ಹೋಗಿದೆಯಾ?

ಪ್ರಶ್ನೆ: ಕಲಬುರಗಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಮಗ ಎರಡನೇ ಕ್ಲಾಸು, ಗಂಡನಿಗೆ ಗಂಜ್‌ನಲ್ಲಿ ಅಂಗಡಿ. ಈಗ ಕಂಪನಿಯವರು ‘ವರ್ಕ್-ಲೈಫ್ ಇಂಟಿಗ್ರೇಷನ್’ ಅಂತ ಶುರು ಮಾಡಿದ್ದಾರೆ. ಕೆಲಸ, ಬದುಕು ಅಂತ ಬೇರೆ ಬೇರೆ ಇಡದೆ ಎರಡನ್ನೂ ಬೆರೆಸೋದಂತೆ. ಅಂದರೆ ರಾತ್ರಿ ಒಂಬತ್ತಕ್ಕೂ ಮೀಟಿಂಗ್. ಹಂಚಿನ ಮೇಲೆ ರೊಟ್ಟಿ, ಕಿವಿಯಲ್ಲಿ ಮ್ಯಾನೇಜರ್. ಗೊಣಗಿದರೆ ಅತ್ತೆ, “ನಮ್ ಕಾಲದಾಗ ಅಂಗಡಿ ಬ್ಯಾರೆ, ಮನಿ ಬ್ಯಾರೆ ಇತ್ತೇನು?” ಅಂತಾರೆ. ತಪ್ಪು ನನ್ನದೇನಾ?

ತಂಗಿ, ನಿಮ್ಮ ಅತ್ತೆ ಹೇಳೋದು ನಿಜ. ಆದರೆ ಕಂಪನಿಯವರು ಹೇಳುತ್ತಿರೋದು ಅದೇ ಮಾತಲ್ಲ.

ಅಮೆಜಾನ್‌ನ ಜೆಫ್ ಬೆಜೋಸ್ 2018ರಲ್ಲಿ ಕೆಲಸ ಮತ್ತು ಬದುಕು ತಕ್ಕಡಿ ಅಲ್ಲ, ಒಂದು ಇನ್ನೊಂದಕ್ಕೆ ಬಲ ಕೊಡುವ ವೃತ್ತ ಅಂದರು. ಬೀದರಿನ ಬಿದ್ರಿ ಕೆಲಸದವರ ಮನೆಗೆ ಇದೇನು ಹೊಸದಾ? ಸತು-ತಾಮ್ರದ ಹೂಜಿಯ ಮೇಲೆ ಉಳಿ ಹಿಡಿದು ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುವಾಗ ಮಗು ಪಕ್ಕದಲ್ಲೇ ಆಡುತ್ತಿರುತ್ತದೆ, ನೆಂಟರು ಬಂದರೆ ಉಳಿ ಕೆಳಗಿಟ್ಟು ಚಹಾ ಕುಡಿದು ಆಮೇಲೆ ಮುಂದುವರಿಸುತ್ತಾರೆ. ಕೆಲಸ ಬೇರೆ, ಮನೆ ಬೇರೆ ಅಂತ ಮಾಡಿದ್ದು ಕಾರ್ಖಾನೆ. ನಿಮ್ಮೂರಲ್ಲೇ ಎಂಎಸ್‌ಕೆ ಮಿಲ್ ಇತ್ತಲ್ಲ, ಈಗ ಆ ಭಾಗಕ್ಕೆ ಹೆಸರಷ್ಟೇ ಉಳಿದಿದೆ. ಗೇಟಿನ ಒಳಗೆ ಮಾಲೀಕರ ಹೊತ್ತು, ಹೊರಗೆ ನಿಮ್ಮ ಹೊತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದ್ದೂ ಆ ಗೇಟಿನ ಧೈರ್ಯದ ಮೇಲೆ. ಲ್ಯಾಪ್‌ಟಾಪಿಗೆ ಗೇಟಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. ಹೋದ ತಿಂಗಳು ಆಫೀಸು ಎಷ್ಟು ಸಲ ನಿಮ್ಮ ಅಡುಗೆಮನೆಗೆ ಬಂತು? ಮಗನ ಸ್ಕೂಲಿಗೆ, ಆಸ್ಪತ್ರೆಗೆ ಅಂತ ಎಷ್ಟು ಸಲ ಮಧ್ಯಾಹ್ನ ರಜೆ ಹಾಕದೆ, ಯಾರಿಗೂ ಸಬೂಬು ಹೇಳದೆ ಎದ್ದು ಹೋದಿರಿ? ಅತ್ತೆಯವರ ಕಾಲದಲ್ಲಿ ಶರಣಬಸವೇಶ್ವರ ಜಾತ್ರೆಗೆ ಶಟರ್ ಎಳೆಯೋಕೆ ಯಾರ ಪರ್ಮಿಷನ್ನೂ ಬೇಕಿರಲಿಲ್ಲ. ಬಂದ ಲಾಭವೂ ಅದೇ ಮನೆಗೆ. ನಿಮ್ಮಲ್ಲಿ ದಾರಿ ಒಂದೇ ಕಡೆಗಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಲ್ವಾ? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ನಮ್ಮ ಈಗಿನ ಬಸವಕಲ್ಯಾಣದಲ್ಲಿ, ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದರೆ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂದವಳು. ಕಾಯಕವೇ ಬದುಕು ಅಂದವರ ಮನೆಯಲ್ಲೂ ‘ಸಾಕು’ ಅನ್ನೋದಕ್ಕೆ ಅಳತೆ ಇತ್ತು, ಆ ಅಳತೆ ಇದ್ದದ್ದು ಮನೆಯವರ ಕೈಯಲ್ಲಿ.

ಹಾಗಂತ ಹಳೇದೆಲ್ಲ ಬಂಗಾರ ಅಂತಲೂ ಅಲ್ಲ. ಅತ್ತೆಯವರು ಅಂಗಡಿಗೆ ಬೇಳೆ ಹಸನು ಮಾಡಿದ್ದಕ್ಕೆ ಯಾರೂ ಪಗಾರ ಕೊಟ್ಟಿರಲಿಕ್ಕಿಲ್ಲ. ವಾದ ಮಾಡಬೇಡಿ, ಒಮ್ಮೆ ಸುಮ್ನೆ ಅವರನ್ನೇ ಕೇಳಿ. ನಿಮ್ಮ ಪರ ಮಾತಾಡಿದರೂ ಮಾತಾಡಿಯಾರು. ಗಂಡನಿಗೆ ಮಾತ್ರ ನೇರವಾಗಿ ಹೇಳಿ: ಮೀಟಿಂಗ್ ಇರುವ ರಾತ್ರಿ ಮಗನ ಊಟ ಅವರದ್ದು, ರೊಟ್ಟಿ ಖಾನಾವಳಿಯಿಂದ ಬಂದರೂ ಆಕಾಶ ಬೀಳಲ್ಲ.

ಮ್ಯಾನೇಜರಿಗೆ ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ. ರಾತ್ರಿ ಮೀಟಿಂಗ್ ವಾರಕ್ಕೆ ಎರಡೇ, ಆ ದಿನಗಳಲ್ಲಿ ಸಂಜೆ ನಾಲ್ಕರಿಂದ ಏಳು ನಾನು ಸಿಗಲ್ಲ ಅಂತ ಬರೆದು, ಕ್ಯಾಲೆಂಡರಿನಲ್ಲೂ ಆ ಹೊತ್ತನ್ನು ಬ್ಲಾಕ್ ಮಾಡಿ. ಒಪ್ಪಿದರೆ ಅವರ ‘ಇಂಟಿಗ್ರೇಷನ್’ ನಿಜವಾದದ್ದು. ಒಪ್ಪದಿದ್ದರೆ ಅದು ಬರೀ ಓವರ್‌ಟೈಮ್. ಆಗ ಗಂಟೆಗಳನ್ನು ಬರೆದಿಟ್ಟುಕೊಂಡು ಮುಂದಿನ ಅಪ್ರೈಸಲ್‌ನಲ್ಲಿ ದುಡ್ಡಿನ ಮಾತೇ ಆಡಿ, ಜೊತೆಗೆ ಬೇರೆ ಕಡೆ ಅರ್ಜಿ ಹಾಕೋದನ್ನೂ ಶುರು ಮಾಡಿ.