ಬೀಜಿಂಗ್‌ಗೆ ಹೊರಡುವ ಮುನ್ನ ಯಾವ ಮಾಹಿತಿಯನ್ನು ನಂಬಬೇಕು

ನಮಸ್ಕಾರ ಮೇಡಂ. ಅಕ್ಟೋಬರ್‌ನಲ್ಲಿ ವಯಸ್ಸಾದ ತಂದೆ-ತಾಯಿಯವರೊಂದಿಗೆ ಬೀಜಿಂಗ್ ನೋಡಲು ಹೊರಟಿರುವುದಾಗಿಯೂ, ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುವುದರಿಂದ ಯಾವುದನ್ನು ನಂಬಬೇಕೆಂದು ತೋಚುತ್ತಿಲ್ಲವೆಂದೂ ಬರೆದಿದ್ದೀರಿ. ಯಾವುದೇ ಬರಹವನ್ನು ಓದುವ ಮೊದಲು ಅದು ಯಾವ ವರ್ಷದ್ದು, ಯಾವ ದೇಶದ ಪಾಸ್‌ಪೋರ್ಟ್ ಉಳ್ಳವರಿಗಾಗಿ ಬರೆದದ್ದು ಎಂಬ ಎರಡನ್ನು ದಯವಿಟ್ಟು ನೋಡಿಕೊಳ್ಳಿ. ಈಚಿನ ಎಷ್ಟೋ ವಿಡಿಯೊಗಳು ವೀಸಾ ಇಲ್ಲದೆ ಹತ್ತು ದಿನ ಇರಬಹುದೆಂದು ಹೇಳುತ್ತವೆ. ಆ ಸೌಲಭ್ಯ ಭಾರತದ ಪಾಸ್‌ಪೋರ್ಟ್‌ಗೆ ಇಲ್ಲ. ಕರ್ನಾಟಕ ಮುಂಬೈನ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ ಬರುವುದರಿಂದ, ವೀಸಾಕ್ಕೆ ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ಅವರ ಪ್ರಕಟಣೆಯಿಂದಲೇ ತೆಗೆದುಕೊಳ್ಳಿ.

2019ಕ್ಕಿಂತ ಹಿಂದಿನ ಮಾರ್ಗದರ್ಶಿಗಳನ್ನು ಇತಿಹಾಸ ತಿಳಿಯಲು ಓದಿ, ದಾರಿ ತಿಳಿಯಲು ಬೇಡ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಡಾಶಿಂಗ್‌ನ ಹೊಸ ವಿಮಾನ ನಿಲ್ದಾಣ ತೆರೆಯಿತು. ವರ್ಷದ ಕೊನೆಯಲ್ಲಿ ಬಡಾಲಿಂಗ್ ಮಹಾಗೋಡೆಯವರೆಗೆ ವೇಗದ ರೈಲು ಬಂದಿತು. ಹಳೆಯ ಪುಸ್ತಕಗಳಲ್ಲಿ ಇವೆರಡೂ ಇರುವುದಿಲ್ಲ.

ಹೆಚ್ಚು ಜನ ಎಡವುವುದು ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಅರಮನೆ ಫರ್ಬಿಡನ್ ಸಿಟಿಯ ಟಿಕೆಟ್ ವಿಷಯದಲ್ಲಿ. ಈಗ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಗಡವಾಗಿ ಕಾಯ್ದಿರಿಸಬೇಕು. ಏಳು ದಿನ ಮೊದಲು ಅಲ್ಲಿನ ರಾತ್ರಿ 8 ಗಂಟೆಗೆ, ಅಂದರೆ ನಮ್ಮ ಸಂಜೆ 5.30ಕ್ಕೆ, ಮಾರಾಟ ಆರಂಭವಾಗುತ್ತದೆ. ಅಕ್ಟೋಬರ್ 31ರವರೆಗೆ ದರ 60 ಯುವಾನ್, ಆಮೇಲೆ 40. ಸರ್ಕಾರಿ ರಜೆಯನ್ನು ಬಿಟ್ಟರೆ ಸೋಮವಾರ ಮುಚ್ಚಿರುತ್ತದೆ. ಪ್ರವೇಶ ದಕ್ಷಿಣದ ಬಾಗಿಲಿನಿಂದ ಮಾತ್ರ, ಅಲ್ಲಿಂದ ಉತ್ತರದ ಬಾಗಿಲಿಗೆ ಕಿಲೋಮೀಟರಿನಷ್ಟು ಕಲ್ಲುಹಾಸಿನ ನಡಿಗೆ. ಹಿರಿಯರಿರುವುದರಿಂದ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಎದುರಿಗಿರುವ ತಿಯಾನನ್‌ಮೆನ್ ಚೌಕಕ್ಕೂ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಇಂತಹ ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ, ನಾನು ಬರೆದದ್ದನ್ನೂ ಹೊರಡುವ ಹದಿನೈದು ದಿನ ಮೊದಲು ವಸ್ತುಸಂಗ್ರಹಾಲಯದ ಸ್ವಂತ ಜಾಲತಾಣದಲ್ಲಿ ತಾಳೆ ನೋಡಿ. ಹುಡುಕಿದಾಗ ಮೊದಲು ಕಾಣಿಸುವ ತಾಣಗಳಲ್ಲಿ ಹಲವು ಏಜೆನ್ಸಿಗಳವು. ಅವು ಸುಳ್ಳೆಂದು ಹೇಳಲಾರೆ, ಆದರೆ ಅವರ ದರದಲ್ಲಿ ಸೇವಾಶುಲ್ಕ ಸೇರಿರುತ್ತದೆ.

ಸಾಧ್ಯವಾದರೆ ಅಕ್ಟೋಬರ್ 1ರಿಂದ ಒಂದು ವಾರ ತಪ್ಪಿಸಿ. ರಾಷ್ಟ್ರೀಯ ದಿನದ ರಜೆಯಲ್ಲಿ ಇಡೀ ಚೀನಾ ಪ್ರವಾಸ ಹೊರಡುತ್ತದೆ, ರೈಲಿನ ಸೀಟೂ ಕಷ್ಟ. ರೈಲಿನ ವೇಳಾಪಟ್ಟಿ ನೋಡಲು 12306 ಎಂಬ ರೈಲ್ವೆಯ ಅಧಿಕೃತ ಆ್ಯಪ್ ಸಾಕು, ಅದರಲ್ಲಿ ಇಂಗ್ಲಿಷ್ ಇದೆ.

ಗೂಗಲ್ ಮ್ಯಾಪ್ ಅನ್ನು ಅಲ್ಲಿ ನೆಚ್ಚಿಕೊಳ್ಳಬೇಡಿ. ಚೀನಾ ತನ್ನದೇ ನಕ್ಷಾ ಪದ್ಧತಿಯನ್ನು ಬಳಸುವುದರಿಂದ ಗುರುತುಗಳು ನೂರಾರು ಮೀಟರ್ ಸರಿದಿರಬಹುದು. ಬದಲಿಗೆ ಆ್ಯಮ್ಯಾಪ್ ಎಂಬ ಚೀನೀ ನಕ್ಷೆಯ ಆ್ಯಪ್ ಹಾಕಿಕೊಳ್ಳಿ. ಅಲ್ಲಿ ಮೊಬೈಲ್‌ನಿಂದ ಹಣ ಕೊಡಲು ಬಳಸುವ ಅಲಿಪೇ ಆ್ಯಪ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೊಂಡು ಹೋಗಿ, ಹೋಟೆಲಿನ ಹೆಸರು-ವಿಳಾಸವನ್ನು ಚೀನೀ ಲಿಪಿಯಲ್ಲಿ ಮುದ್ರಿಸಿ ತಂದೆಯವರ ಜೇಬಿನಲ್ಲೂ ಒಂದು ಪ್ರತಿ ಇಡಿ. ಅಲ್ಲಿ ಏನಾದರೂ ಗೊಂದಲವಾದರೆ 12345ಕ್ಕೆ ಕರೆ ಮಾಡಬಹುದು. ಅದು ಬೀಜಿಂಗ್ ನಗರಾಡಳಿತದ ಸಹಾಯವಾಣಿ, ಇಂಗ್ಲಿಷ್‌ನಲ್ಲಿಯೂ ಉತ್ತರಿಸುತ್ತಾರೆ.