ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಯಾಕೆ ಇಷ್ಟೊಂದು ಇಂಜೆಕ್ಷನ್?

ತಂಗಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ, ಒಂದರ ಹಿಂದೆ ಒಂದು ಇಂಜೆಕ್ಷನ್ ಯಾಕೆ ಕೊಟ್ಟರು ಅಂತ ಕೇಳಿದ್ದೀರಿ. ನಾನು ಪುಣೆಯಲ್ಲಿ ಹೆರಿಗೆ ವಾರ್ಡಿನ ನರ್ಸ್.

ಹೆಚ್ಚಿನ ಸಲ ಕಾರಣ ಒಂದೇ. ಮಗು ಹೊರಬಂದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳುವುದಿಲ್ಲ. ಹೊಟ್ಟೆ ಮುಟ್ಟಿದರೆ ನಾದಿದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಅದಕ್ಕೇ ಮೊದಲು ಗರ್ಭಕೋಶವನ್ನು ಹಿಂಡಿ ಗಟ್ಟಿ ಮಾಡುವ ಔಷಧಿ ಆಕ್ಸಿಟೋಸಿನ್. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ ಕೈಕೊಟ್ಟರೆ ಔಷಧಿಯೂ ಕೈಕೊಡುತ್ತದೆ.

ಜೊತೆಗೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ರಕ್ತನಾಳಕ್ಕೆ, ನಿಧಾನವಾಗಿ 10 ನಿಮಿಷ. ಇದು ಗರ್ಭಕೋಶವನ್ನು ಹಿಂಡುವುದಿಲ್ಲ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುತ್ತದೆ. ಹೆರಿಗೆಯಾದ 3 ಗಂಟೆಯೊಳಗೇ ಕೊಡಬೇಕು. 21 ದೇಶಗಳ ಸುಮಾರು 20,000 ತಾಯಂದಿರ ಮೇಲೆ ನಡೆದ ಅಧ್ಯಯನ 2017ರಲ್ಲಿ ಇದನ್ನೇ ತೋರಿಸಿತು: ಬೇಗ ಕೊಟ್ಟಷ್ಟೂ ಲಾಭ.

ಆಮೇಲೂ ನಿಲ್ಲದಿದ್ದರೆ ಗರ್ಭಕೋಶವನ್ನು ಹಿಂಡುವ ಬೇರೆ ಔಷಧಿಗಳು: ಮಿಥೈಲ್‌ಎರ್ಗೋಮೆಟ್ರಿನ್, ಕಾರ್ಬೊಪ್ರೊಸ್ಟ್, ಇಲ್ಲವೇ ಮಿಸೊಪ್ರೊಸ್ಟಾಲ್ ಮಾತ್ರೆ. ಬಿಪಿ ಜಾಸ್ತಿ ಇದ್ದರೆ ಮೊದಲನೆಯದು ಆಗದು, ಅಸ್ತಮಾ ಇದ್ದರೆ ಎರಡನೆಯದು. ಆ ಗಡಿಬಿಡಿಯಲ್ಲೂ ಡಾಕ್ಟರು 'ದಮಾ ಆಹೇ ಕಾ?' ಅಂತ ಕೇಳುವುದು ಅದಕ್ಕೇ. ಮರಾಠಿ ಬಾರದ ಕಲಬುರಗಿ ಕಡೆಯ ಹೆಣ್ಣುಮಕ್ಕಳು ಸುಮ್ನೆ ತಲೆಯಾಡಿಸಿಬಿಡುತ್ತಾರೆ. ಹಾಗಾಗಿ ನಾನು 'ದಮ್ಮು ಐತೇನವ್ವಾ?' ಅಂತ ಇನ್ನೊಮ್ಮೆ ಕೇಳುತ್ತೇನೆ.